ಇವತ್ತಿನ ಜಮಾ ಎಷ್ಟು?

ಹೋದ ತಿಂಗಳ ನಮ್ಮ ಬಳಗದ ಸಭೆಯಲ್ಲಿ ಎರಡು ಕವಿತೆ, ಒಂದು ಕಥೆ ಓದಿ ಮುಗಿದ ಮೇಲೆ, ಚಹಾ ಬರುವ ತನಕ ಮಾತು ಎಲ್ಲೆಲ್ಲಿಗೋ ಹೋಯಿತು. ಒಬ್ಬ ಗೆಳೆಯರು (ಹೆಸರು ಬೇಡ, ಮುಂದಿನ ಸಂಚಿಕೆಗೆ ಅವರ ಕವಿತೆ ಬೇಕಾಗಿದೆ) "ಮನ್ಯಾಗ ಫೋನ್ ಮುಂದಿಟ್ಟುಕೊಂಡು ವ್ಯಾಯಾಮ ಶುರು ಮಾಡೋರು ಹತ್ತು ದಿನಕ್ಕ ಬಿಡ್ತಾರ. ಸಂಕಲ್ಪಬಲ ಇಲ್ಲ ನೋಡ್ರಿ, ಅದಕ್ಕ" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಬಿಬವೇವಾಡಿಯ ಬಸ್ಸಿನಲ್ಲಿ ನಿಂತುಕೊಂಡು ಮನೆಗೆ ಬರುವಾಗ ಆ ನಗು ಗಂಟಲಲ್ಲಿ ಸಿಕ್ಕಿಕೊಂಡಿತು. ಯಾಕೆಂದರೆ ಹತ್ತು ದಿನಕ್ಕೆ ಬಿಟ್ಟವರಲ್ಲಿ ನಾನೂ ಒಬ್ಬಳು. ಒಂದು ಸಲ ಅಲ್ಲ, ಮೂರು ಸಲ. ನಾಲ್ಕನೆಯ ಸಲ ಬಿಟ್ಟಿಲ್ಲ. ಹಾಗಾದರೆ ಮೂರು ಸಲ ಇಲ್ಲದ ಸಂಕಲ್ಪಬಲ ನಾಲ್ಕನೆಯ ಸಲ ಎಲ್ಲಿಂದ ಬಂತು? ಬರಲೇ ಇಲ್ಲ. ನನ್ನ ವಾದ ಅದೇ. ಸಂಪಾದಕರ ಮುಂದೆ ಇದನ್ನು ಹೇಳಿದರೆ "ವಾದ ಇದ್ದರ ಬರದು ಕೊಡ್ರಿ, ಬಾಯಿಮಾತು ಬ್ಯಾಡ" ಅಂದರು. ಬರೆದಿದ್ದೇನೆ.

ಮೊದಲು ನನ್ನ ಕಡೆಯ ಸಂಗತಿ. ನಮ್ಮದು ಮೂಲ ಇಂಡಿ ತಾಲೂಕು. ಅಪ್ಪ ಇಪ್ಪತ್ತೆರಡು ವರ್ಷದಿಂದ ಮಾರ್ಕೆಟ್ ಯಾರ್ಡಿನ ಭುಸಾರ ವಿಭಾಗದಲ್ಲಿ ಒಂದು ಬೆಲ್ಲದ ಅಂಗಡಿಯ ಲೆಕ್ಕ ಬರೆಯುತ್ತಾರೆ. ದಿನವಿಡೀ ಬೆಲ್ಲದ ವಾಸನೆಯಲ್ಲಿ ಕೂತು ಬರುವ ಮನುಷ್ಯನಿಗೆ ಸಕ್ಕರೆ ಕಾಯಿಲೆ. ಇದನ್ನು ಕಥೆಯಲ್ಲಿ ಬರೆದರೆ "ಕೃತಕ ವ್ಯಂಗ್ಯ" ಎಂದು ನೀವೇ ಕೆಂಪು ಶಾಯಿಯಲ್ಲಿ ಗೀಟು ಹಾಕುತ್ತೀರಿ. ಆದರೆ ನಮ್ಮ ಮನೆಯಲ್ಲಿ ಅದು ನಿಜ. ಎರಡು ವರ್ಷದ ಹಿಂದೆ ಚಪ್ಪಲಿ ಕಚ್ಚಿದ ಒಂದು ಸಣ್ಣ ಗಾಯ ಮಾಯಲಿಲ್ಲ. ಎಡಗಾಲಿನ ಕಿರುಬೆರಳು ತೆಗೆಯಬೇಕಾಯಿತು. ಸಕ್ಕರೆ ಬಹಳ ವರ್ಷ ಹೆಚ್ಚಿದ್ದರೆ ಪಾದದ ನರ ಮಂದವಾಗುತ್ತವೆ, ನೋವು ತಿಳಿಯುವುದಿಲ್ಲ, ತಿಳಿಯದ್ದರಿಂದಲೇ ಗಾಯ ಬೆಳೆಯುತ್ತದೆ. ಇದೆಲ್ಲ ನಮಗೆ ಗೊತ್ತಾದದ್ದು ಬೆರಳು ಹೋದ ಮೇಲೆ.

ಆಗ ಮನೆಯವರೆಲ್ಲರ ರಕ್ತ ತಪಾಸಣೆ ಆಯಿತು. ಮೂರು ತಿಂಗಳ ಸಕ್ಕರೆಯ ಅಂದಾಜು ಕೊಡುವ ಎಚ್‌ಬಿಎಒನ್‌ಸಿ ಎಂಬ ಪರೀಕ್ಷೆಯಲ್ಲಿ ನನ್ನದು 6.1 ಬಂತು. 5.7ರಿಂದ 6.4ರ ತನಕ ಇದ್ದರೆ ಅದು ರೋಗ ಅಲ್ಲ, ರೋಗದ ಹೊಸ್ತಿಲು. ನನಗಾಗ ಹತ್ತೊಂಬತ್ತು ವರ್ಷ. ಅಪ್ಪ ಆ ಕಾಗದವನ್ನು ಮಡಚಿ ಅಂಗಿಯ ಜೇಬಿನಲ್ಲಿಟ್ಟುಕೊಂಡರು, ಏನೂ ಅನ್ನಲಿಲ್ಲ. ಅವ್ವ ಮಾತ್ರ ಒಳಗೆ ಹೋಗಿ ಸಕ್ಕರೆ ಡಬ್ಬಿಯನ್ನು ಮೇಲಿನ ಅಟ್ಟದ ಮೇಲಿಟ್ಟಳು. ನಾನು ಕುರ್ಚಿ ಹಾಕಿ ಇಳಿಸಿಕೊಳ್ಳುತ್ತೇನೆಂದು ಅವಳಿಗೆ ಗೊತ್ತಿತ್ತು.

ಔಷಧ ಬೇಡ, ಮೈ ದಣಿಯಬೇಕು ಎಂದರು ಡಾಕ್ಟರು. ಇದು ಬರೀ ಉಪದೇಶ ಅಲ್ಲ ಎಂದು ಓದಿ ತಿಳಿದುಕೊಂಡೆ. ಕೆಲಸ ಮಾಡುವ ಸ್ನಾಯು ಇನ್ಸುಲಿನ್ನಿನ ಅಪ್ಪಣೆಗೆ ಕಾಯದೆ ನೇರವಾಗಿ ರಕ್ತದ ಸಕ್ಕರೆಯನ್ನು ಒಳಗೆ ಎಳೆದುಕೊಳ್ಳುತ್ತದೆ. ಮುಂಬಾಗಿಲು ಹಾಕಿದ ಮನೆಗೆ ಹಿತ್ತಲ ಬಾಗಿಲಿಂದ ಹೋದ ಹಾಗೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ ಲೆಕ್ಕ: ದೊಡ್ಡವರು ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಶ್ರಮ, ಇಲ್ಲವೆ 75ರಿಂದ 150 ನಿಮಿಷ ಜೋರಿನ ಶ್ರಮ ಮಾಡಬೇಕು, ಅದರ ಜೊತೆ ವಾರಕ್ಕೆ ಎರಡು ದಿನವಾದರೂ ಸ್ನಾಯುಗಳಿಗೆ ಬಲ ಕೊಡುವ ಕೆಲಸ.

"ಹಂಗಾದ್ರ ತಳಜಾಯಿ ಟೇಕಡಿ ಹತ್ತು, ಪರ್ವತಿ ಹತ್ತು, 103 ಮೆಟ್ಟಲ ಅಷ್ಟ" ಎಂದ ನನ್ನ ತಮ್ಮ. ಹೇಳುವುದು ಸುಲಭ. ಬೆಳಿಗ್ಗೆ ಐದೂವರೆಗೆ ನಮ್ಮ ಬಿಲ್ಡಿಂಗಿಗೆ ನೀರು ಬರುತ್ತದೆ, ತುಂಬುವವಳು ನಾನು. ಇನ್ನೂ ಕತ್ತಲಿರುವಾಗ ಟೇಕಡಿಯ ಗಿಡಮರದ ದಾರಿಯಲ್ಲಿ ಒಬ್ಬಳೇ ಹೋಗುವುದಕ್ಕೆ ಅವ್ವ ಒಪ್ಪುವುದಿಲ್ಲ. ನಿಜ ಹೇಳಬೇಕೆಂದರೆ ನನಗೂ ಧೈರ್ಯವಿಲ್ಲ. ಜಿಮ್ಮಿನ ಫೀ ಮನೆಯಲ್ಲಿ ಒಬ್ಬರಿಗೆ ಕೊಡಬಹುದು, ಆ ಒಬ್ಬ ಯಾರೆಂದು ಕೇಳುವುದೇ ಬೇಡ. ತಮ್ಮ ಎರಡು ತಿಂಗಳ ಫೀ ಕಟ್ಟಿ ಹನ್ನೊಂದು ದಿನ ಹೋದ. ಅವನ ಸಂಕಲ್ಪಬಲದ ಬಗ್ಗೆ ಮನೆಯಲ್ಲಿ ಈವರೆಗೆ ಚರ್ಚೆಯಾಗಿಲ್ಲ.

ಆದ್ದರಿಂದ ಮನೆ, ಮತ್ತು ಮನೆಯೊಳಗೆ ವಿಡಿಯೋ. ಬೆಂಗಳೂರಿನ ನಮ್ಮ ಸೋದರಮಾವನ ಮಗಳು ಒಂದು ಪರದೇಶದ ವ್ಯಾಯಾಮ ಪಾಠಕ್ಕೆ ಚಂದಾ ಕಟ್ಟಿದ್ದಳು. "ನಾ ಅಂತೂ ಮಾಡಂಗಿಲ್ಲ, ನೀನರ ಮಾಡು" ಎಂದು ತನ್ನ ಪಾಸ್‌ವರ್ಡ್ ಕೊಟ್ಟಳು. ಅರವತ್ತು ದಿನದ ಪಾಠ, ವಾರಕ್ಕೆ ಆರು ದಿನ, ದಿನಕ್ಕೆ ಮುಕ್ಕಾಲು ಗಂಟೆ. ಹೊಳೆಯುವ ಮರದ ನೆಲದ ಮೇಲೆ ಹತ್ತು ಮಂದಿ ಜಿಗಿಯುತ್ತಾರೆ, ಮುಂದೆ ಒಬ್ಬ ಗುರು. ಅವನ ತೋಳು ನಮ್ಮ ತಮ್ಮನ ತೊಡೆಯಷ್ಟು. ನಮ್ಮ ಹಾಲ್ ಹತ್ತು ಅಡಿ ಉದ್ದ, ಒಂಬತ್ತು ಅಡಿ ಅಗಲ. ಅದರಲ್ಲಿ ಕಪಾಟು, ಹೊಲಿಗೆ ಯಂತ್ರ, ದೇವರ ಮಾಡ, ಸುತ್ತಿಟ್ಟ ಗಾದಿ. ಉಳಿದದ್ದು ನನ್ನ ವ್ಯಾಯಾಮಶಾಲೆ.

ಮೊದಲ ದಿನ ಎಂಟನೆಯ ನಿಮಿಷಕ್ಕೆ ನಾನು ನೆಲದ ಮೇಲೆ ಬೋರಲು ಬಿದ್ದಿದ್ದೆ. ಕಣ್ಣ ಮುಂದೆ ಫೋನು. ಅದರೊಳಗಿನಿಂದ ಗುರು ನನ್ನನ್ನೇ ಬೆರಳಿನಿಂದ ತೋರಿಸಿ ಬಹಳ ಚೆನ್ನಾಗಿ ಮಾಡುತ್ತಿದ್ದೀ, ನಿಲ್ಲಿಸಬೇಡ ಎನ್ನುತ್ತಿದ್ದ! ನಮ್ಮ ಹಿಂದಿನ ತಲೆಮಾರಿನ ಲೇಖಕರು ಅನಾಥಪ್ರಜ್ಞೆ ಎಂಬ ಮಾತನ್ನು ಬಹಳ ಬಳಸಿದರು. ಅದರ ಅರ್ಥ ನನಗೆ ತರಗತಿಯಲ್ಲಿ ಆಗಿರಲಿಲ್ಲ, ಆವತ್ತು ಹಾಸುಗಲ್ಲಿನ ಮೇಲೆ ಆಯಿತು.

ಮರುದಿನ ಅಷ್ಟೇನೂ ನೋವಿರಲಿಲ್ಲ. ಮೂರನೆಯ ದಿನ ಮೆಟ್ಟಿಲು ಇಳಿಯಲಾರೆ. ಕೂತರೆ ಏಳಲಾರೆ, ಎದ್ದರೆ ಕೂಡಲಾರೆ. ನಮ್ಮದು ಹಳೆಯ ಮಾದರಿಯ ಪಾಯಖಾನೆ, ಹೆಚ್ಚು ವಿವರ ಬೇಡ. ಏನೋ ಮುರಿದೇ ಹೋಗಿದೆ ಎಂದುಕೊಂಡೆ. ಅಭ್ಯಾಸವಿಲ್ಲದ ಸ್ನಾಯುವಿಗೆ ಕೆಲಸ ಕೊಟ್ಟರೆ, ಅದರಲ್ಲೂ ಜಿಗಿದು ಇಳಿಯುವ, ಬಗ್ಗಿ ಕೂಡುವ ಕೆಲಸ ಕೊಟ್ಟರೆ, ನೋವು ಒಂದರಿಂದ ಮೂರು ದಿನದೊಳಗೆ ತುದಿಗೇರಿ ತಾನೇ ಇಳಿಯುತ್ತದೆ. ಮುಂದಿನ ಸಲ ಅದೇ ಕೆಲಸಕ್ಕೆ ಅಷ್ಟು ನೋಯುವುದಿಲ್ಲ. ಈ ಎರಡು ವಾಕ್ಯವನ್ನು ಯಾರಾದರೂ ಮೊದಲೇ ಹೇಳಿದ್ದರೆ ನನ್ನ ಮೊದಲ ಪ್ರಯತ್ನ ಒಂಬತ್ತನೆಯ ದಿನಕ್ಕೆ ಸಾಯುತ್ತಿರಲಿಲ್ಲ.

ಎರಡನೆಯ ಪ್ರಯತ್ನವನ್ನು ಕೊಂದದ್ದು ಕೆಳಗಿನ ಮನೆಯ ಆಜಿಯ ಕೋಲು. ನಾನು ಜಿಗಿದಾಗಲೆಲ್ಲ ಅವರು ತಮ್ಮ ಮನೆಯ ಸೂರಿಗೆ ಕೋಲಿನಿಂದ ಕುಟ್ಟುತ್ತಿದ್ದರು. ಹತ್ತನೆಯ ದಿನ ಮೆಟ್ಟಿಲ ಬಳಿ ಹಿಡಿದು ಕೇಳಿಯೇ ಬಿಟ್ಟರು: "ಅಗ ಪೋರೀ, ವರ ಕಾಂಡಣ ಚಾಲೂ ಆಹೇ ಕಾ?" ಮೇಲೆ ಏನು ಕುಟ್ಟೋದು ನಡೆಸಿದ್ದೀಯ ಅಂತ. ಅವ್ವನಿಗೆ ನಾಚಿಕೆಯಾಯಿತು. ಬೇರೆ ಊರಲ್ಲಿ ಇದ್ದೇವೆ, ಬಾಡಿಗೆ ಮನೆ, ನಾಲ್ಕು ಜನರ ಬಾಯಿಗೆ ಬೀಳುವುದು ಬೇಡ ಎಂಬುದು ಅವಳ ಜೀವನದ ಸೂತ್ರ. "ಗಂಡಹುಡುಗರಂಗ ಜಿಗ್ಯಾಕ ಹತ್ತಿಯಲ್ಲ" ಎಂದೂ ಸೇರಿಸಿದಳು. ಅಲ್ಲಿಗೆ ಮುಗಿಯಿತು.

ಮೂರನೆಯದು ಸತ್ತದ್ದು ಎಲ್ಲಕ್ಕಿಂತ ಸಣ್ಣ ಕಾರಣಕ್ಕೆ. ಹದಿಮೂರು ದಿನ ಮಾಡಿದ್ದೆ. ಇಂಟರ್ನಲ್ ಪರೀಕ್ಷೆ ಬಂತು, ಒಂದು ದಿನ ತಪ್ಪಿತು. ಆ ಪಾಠದ ಜೊತೆ ಒಂದು ಕ್ಯಾಲೆಂಡರ್ ಇರುತ್ತದೆ. ಮಾಡಿದ ದಿನದ ಮನೆ ಹಸಿರು, ಮಾಡದ ದಿನದ ಮನೆ ಖಾಲಿ. ಆ ಒಂದು ಖಾಲಿ ಮನೆ ಬಾಯಿ ತೆರೆದು ನನ್ನನ್ನೇ ನೋಡುತ್ತಿತ್ತು. ಹೇಗೂ ಕೆಟ್ಟಿತಲ್ಲ, ಬರುವ ಸೋಮವಾರ ಮೊದಲಿಂದ ಶುರು ಮಾಡೋಣ ಎಂದುಕೊಂಡೆ. ಆ ಸೋಮವಾರ ಐದು ತಿಂಗಳು ಬರಲಿಲ್ಲ.

ಈಗ ಗೆಳೆಯರ ಸಂಕಲ್ಪಬಲಕ್ಕೆ ಬರೋಣ. ಈ ಮೂರರಲ್ಲಿ ಅದರ ಕೊರತೆ ಎಲ್ಲಿದೆ? ಮೊದಲನೆಯದಕ್ಕೆ ಬೇಕಾಗಿದ್ದದ್ದು ತಿಳುವಳಿಕೆ. ಎರಡನೆಯದಕ್ಕೆ ಒಂದು ಬೇರೆ ನೆಲ. ಮೂರನೆಯದಕ್ಕೆ ಒಂದು ಬೇರೆ ಕ್ಯಾಲೆಂಡರ್. ಆದರೆ ವಿಡಿಯೋದ ಗುರುವಿಗೆ, ತಮ್ಮನಿಗೆ, ನಮ್ಮ ಸಭೆಗೆ, ಎಲ್ಲರಿಗೂ ಇದರ ಹೆಸರು ಒಂದೇ: ಸೋಮಾರಿತನ. ನಮ್ಮ ಕಡೆ ಉಮೇದು ಎನ್ನುತ್ತೇವಲ್ಲ, ಅದನ್ನೊಂದು ಪೆಟ್ರೋಲಿನ ಹಾಗೆ ಎಲ್ಲರೂ ಭಾವಿಸಿಕೊಂಡಿದ್ದಾರೆ. ತುಂಬಿದ್ದರೆ ಗಾಡಿ ಓಡುತ್ತದೆ, ಮುಗಿದರೆ ಇನ್ನೊಂದು ಭಾಷಣ ಕೇಳಿ ತುಂಬಿಸಿಕೊಳ್ಳಬೇಕು. ನನ್ನ ಅನುಭವದಲ್ಲಿ ಉಮೇದು ಮುಂದೆ ಹೋಗುವುದಿಲ್ಲ, ಹಿಂದಿನಿಂದ ಬರುತ್ತದೆ. ಮಾಡಿ ಮುಗಿಸಿದ ಮೇಲೆ ಹತ್ತು ನಿಮಿಷ ಬಂದು ಕೂತು ಹೋಗುತ್ತದೆ. ಅದನ್ನೇ ಕಾಯುತ್ತ ಕೂತವರು ಕೂತೇ ಇರುತ್ತಾರೆ.

ಮನೆಯಲ್ಲಿ ನೋಡಿ ಮಾಡುವ ವ್ಯಾಯಾಮ ಹೊಸದೇನಲ್ಲ. 1982ರಲ್ಲಿ ಜೇನ್ ಫೋಂಡಾ ಎಂಬ ಹಾಲಿವುಡ್ ನಟಿ ವ್ಯಾಯಾಮದ ವಿಡಿಯೋ ಕ್ಯಾಸೆಟ್ ತಂದಾಗ ಅಮೆರಿಕದ ಹೆಂಗಸರು ಅದಕ್ಕೆ ಮುಗಿಬಿದ್ದರು. ಹೊರಗೆ ಹೋಗಿ ಎಲ್ಲರೆದುರು ದಣಿಯಲಾರದವರಿಗೆ ಅದೊಂದು ದಾರಿ. 2020ರಲ್ಲಿ ಊರಿಗೆ ಊರೇ ಬೀಗ ಹಾಕಿ ಕೂತಾಗ, ಮಹಾರಾಷ್ಟ್ರದ ಜಿಮ್ಮುಗಳು ಆ ವರ್ಷದ ದಸರೆಯ ತನಕ ತೆರೆಯದಿದ್ದಾಗ, ಗಂಡಸರಿಗೂ ಅದೇ ದಾರಿಯಾಯಿತು.

ಆದರೆ ಅದಕ್ಕೂ ಹಿಂದಿನ ಒಂದು ಸಂಗತಿ ನಮ್ಮ ಬಳಗದವರಿಗೆ ನೆನಪಿರಬೇಕು. "ಶಾಂತಲಾ" ಕಾದಂಬರಿ ಓದಿದವರು ಕೈಯೆತ್ತಿ ಎಂದರೆ ಹತ್ತು ಕೈ ಏಳುತ್ತವೆ. ಅದನ್ನು ಬರೆದ ಕೆ. ವಿ. ಅಯ್ಯರ್ ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸುತ್ತಿದ್ದ, ದೇಹ ತಿದ್ದಿಕೊಂಡು ತಿದ್ದಿಸುತ್ತಿದ್ದ ಗುರು ಎಂಬುದಕ್ಕೆ ಎಷ್ಟು ಕೈ ಏಳುತ್ತವೆ? ಅವರು ಅಂಚೆಯ ಮೂಲಕವೂ ವ್ಯಾಯಾಮದ ಪಾಠ ಕಳಿಸುತ್ತಿದ್ದರು. ಅಂದರೆ ಎಲ್ಲೋ ಒಂದು ಊರಿನ ಹುಡುಗ ತನ್ನ ಮನೆಯ ಪಡಸಾಲೆಯಲ್ಲಿ ಕಾಗದ ನೋಡಿಕೊಂಡು ಬಸ್ಕಿ ಹೊಡೆಯುತ್ತಿದ್ದ. ನಮ್ಮ ಫೋನಿನ ಪಾಠದ ಅಜ್ಜ ಅದೇ. ಒಂದೇ ವ್ಯತ್ಯಾಸ: ಅಂಚೆ ಎರಡೂ ಕಡೆ ಹೋಗುತ್ತದೆ. ಒಂದು ಕಾರ್ಡು ಬರೆದು "ಗುರುಗಳೆ, ಮೊಣಕಾಲು ನೋಯುತ್ತದೆ, ಏನು ಮಾಡಲಿ" ಎಂದು ಕೇಳಬಹುದು. ವಿಡಿಯೋದ ಗುರು ಕುರುಡ. ನಾನು ಬಿದ್ದರೂ ಶಹಬ್ಬಾಸ್, ಎದ್ದರೂ ಶಹಬ್ಬಾಸ್, ಪಕ್ಕದ ಕೋಣೆಗೆ ಹೋಗಿ ಅವಲಕ್ಕಿ ತಿನ್ನುತ್ತಿದ್ದರೂ ಶಹಬ್ಬಾಸ್. ನೋಡದೆ ಹೊಗಳುವವನ ಮಾತು ಎಷ್ಟು ದಿನ ರುಚಿಸೀತು? ಕವಿತೆ ಓದದೆ "ಚೆನ್ನಾಗಿದೆ" ಎನ್ನುವ ಗೆಳೆಯರನ್ನು ನೆನೆಸಿಕೊಳ್ಳಿ.

ಇನ್ನೊಬ್ಬರ ಕಥೆ ನಮ್ಮ ಈ ಪುಣೆಯದೇ. ಬಿ. ಕೆ. ಎಸ್. ಅಯ್ಯಂಗಾರರ ಹೆಸರಿನ ಮೊದಲ ಅಕ್ಷರ ಕೋಲಾರದ ಕಡೆಯ ಬೆಳ್ಳೂರು. 1918ರಲ್ಲಿ, ಇನ್‌ಫ್ಲುಯೆಂಜಾ ಊರೂರು ಬಡಿಯುತ್ತಿದ್ದ ವರ್ಷ ಹುಟ್ಟಿದವರು. ಚಿಕ್ಕಂದಿನಲ್ಲಿ ಮಲೇರಿಯಾ, ಟೈಫಾಯ್ಡ್, ಕ್ಷಯ ಎಲ್ಲವನ್ನೂ ಕಂಡ ಕಡ್ಡಿಯಂಥ ಹುಡುಗ. ಮೈಸೂರಿನಲ್ಲಿ ಅಕ್ಕನ ಗಂಡ ಕೃಷ್ಣಮಾಚಾರ್ಯರ ಹತ್ತಿರ ಎರಡು-ಮೂರು ವರ್ಷ ಕಲಿತದ್ದಷ್ಟೇ. 1937ರಲ್ಲಿ, ಹದಿನೆಂಟು ವಯಸ್ಸಿಗೆ, ಆರು ತಿಂಗಳ ಮಾತಿನ ಮೇಲೆ ಅವರನ್ನು ಪುಣೆಯ ಡೆಕ್ಕನ್ ಜಿಮಖಾನಾಕ್ಕೆ ಪಾಠ ಹೇಳಲು ಕಳಿಸಿದರು. ಮರಾಠಿ ಬಾರದು. ಎದುರಿಗೆ ಕೂತ ಶಿಷ್ಯರೇ ತನಗಿಂತ ಗಟ್ಟಿ. ಕೇಳೋಣವೆಂದರೆ ಗುರು ಮೈಸೂರಿನಲ್ಲಿ. ಹೊಟ್ಟೆಗೆ ಸಾಲದ ದಿನಗಳೂ ಇದ್ದವು. ಅವರು ಒಬ್ಬರೇ ತಾಸುಗಟ್ಟಲೆ ಅಭ್ಯಾಸ ಮಾಡಿದರು, ತಮ್ಮ ಮೈಯನ್ನೇ ಪುಸ್ತಕ ಮಾಡಿಕೊಂಡು ಓದಿದರು. ಆರು ತಿಂಗಳಿಗೆ ಬಂದವರು 2014ರಲ್ಲಿ ತೀರಿಕೊಳ್ಳುವ ತನಕ ಇದೇ ಊರಲ್ಲಿ ಉಳಿದರು.

ಇದನ್ನು ಸಂಕಲ್ಪಬಲದ ಕಥೆಯಾಗಿ ಹೇಳುವುದು ರೂಢಿ. ನನಗೆ ಹಾಗೆ ಕಾಣುವುದಿಲ್ಲ. ಮರುದಿನ ಬೆಳಿಗ್ಗೆ ಶಿಷ್ಯರು ಎದುರಿಗೆ ಬಂದು ನಿಲ್ಲುತ್ತಾರೆ, ತಾನು ಮಾಡಿ ತೋರಿಸಬೇಕು, ಇಲ್ಲದಿದ್ದರೆ ಅನ್ನವಿಲ್ಲ. ಆ ಎದುರಿನ ಕಣ್ಣುಗಳು ಹುಡುಗನನ್ನು ಎಬ್ಬಿಸಿದವು ಎಂಬುದು ನನ್ನ ಊಹೆ. ಎರಡನೆಯದು ಊಹೆಯಲ್ಲ. ಮುಂದೆ ಅವರು ಬಗ್ಗಲಾರದವರಿಗೆ ಇಟ್ಟಿಗೆ ಕೊಟ್ಟರು, ನಿಲ್ಲಲಾರದವರಿಗೆ ಗೋಡೆಯ ಹಗ್ಗ ಕೊಟ್ಟರು, ಕೂಡಲಾರದವರಿಗೆ ಕುರ್ಚಿ. ಆಸನಕ್ಕೆ ತಕ್ಕಂತೆ ಮನುಷ್ಯನನ್ನು ಮುರಿಯುವ ಬದಲು ಮನುಷ್ಯನಿಗೆ ತಕ್ಕಂತೆ ಆಸನವನ್ನು ಎತ್ತರಿಸಿದರು. 1975ರಲ್ಲಿ ಶುರುವಾದ ಅವರ ಸಂಸ್ಥೆ ಶಿವಾಜಿನಗರದ ಮಾಡೆಲ್ ಕಾಲನಿಯಲ್ಲಿ ಈಗಲೂ ಇದೆ. ಅಲ್ಲಿ ಕುರ್ಚಿ ಹಿಡಿದವರನ್ನು ಸೋಮಾರಿ ಎನ್ನುವುದಿಲ್ಲ. ಅವರ ಮತ್ತು ಕೃಷ್ಣಮಾಚಾರ್ಯರ 1938ರ ಒಂದು ಮೂಕಚಿತ್ರ ಈಗ ಯಾರ ಫೋನಿನಲ್ಲಿಯೂ ನೋಡಲು ಸಿಗುತ್ತದೆ. ಗುರುಗಳ ಮನೆಯ ಹೆಂಗಸರು, ಮಕ್ಕಳೂ ಅದರಲ್ಲಿ ಆಸನ ಹಾಕುತ್ತಾರೆ. ಯಾರೂ ಶಹಬ್ಬಾಸ್ ಅನ್ನುವುದಿಲ್ಲ. ಬಹಳ ನೆಮ್ಮದಿಯೆನಿಸಿತು.

ನಾಲ್ಕನೆಯ ಪ್ರಯತ್ನ ಶುರುವಾದದ್ದು ಉಮೇದಿನಿಂದಲ್ಲ, ಅಪ್ಪನ ಒಂದು ಮಾತಿನಿಂದ. ವರ್ಷಾಖೈರಿನಲ್ಲಿ ಅಂಗಡಿಯ ಕೀರ್ದಿ ಮನೆಗೆ ತಂದು ತಾಳೆ ನೋಡುತ್ತಿದ್ದರು. ಕಂಪ್ಯೂಟರು ಬಂದಿದೆ, ಆದರೂ ನಮ್ಮ ಸಾವಕಾರರಿಗೆ ಕೈಬರಹದ ಒಂದು ಪುಸ್ತಕ ಬೇಕು. ನಾನು ಹಾಳೆ ತಿರುವುತ್ತಿದ್ದೆ. ಒಂದು ದಿನದ ಹಾಳೆಯಲ್ಲಿ ತಾರೀಕು ಇದೆ, ಮೇಲೆ ಆರಂಭದ ಶಿಲ್ಕು, ಕೆಳಗೆ ಆಖೈರ ಶಿಲ್ಕು, ಎರಡೂ ಒಂದೇ. ನಡುವೆ ಏನೂ ಇಲ್ಲ.

"ಅಪ್ಪಾ, ಇದೇನು, ಖಾಲಿ?"

"ಅವತ್ತು ವ್ಯಾಪಾರ ಆಗಿಲ್ಲ ಅವ್ವಿ."

"ಮತ್ತ ಯಾಕ ಬರದೀರಿ?"

ಕನ್ನಡಕದ ಮೇಲಿಂದ ನೋಡಿದರು. "ವ್ಯಾಪಾರ ಇಲ್ಲಂದ್ರ ಪುಸ್ತಕ ಮುಚ್ಚತಾರೇನು? ತಾರೀಕ ಬರೀಬೇಕು, ಶಿಲ್ಕ ಮುಂದ ತರಬೇಕು. ಹಿಂದಿಂದು ಎಲ್ಲಿ ಹೋಗ್ತದ?"

ಅವರು ಹೇಳಿದ್ದು ಬೆಲ್ಲದ ಬಗ್ಗೆ. ನನಗೆ ಆ ಖಾಲಿ ಮನೆಯ ಕ್ಯಾಲೆಂಡರ್ ನೆನಪಾಯಿತು. ಅಲ್ಲಿ ಖಾಲಿ ಎಂದರೆ ಸೋಲು, ಮೊದಲಿಂದ ಶುರು ಮಾಡು. ಅಪ್ಪನ ಪುಸ್ತಕದಲ್ಲಿ ಖಾಲಿ ಎಂದರೆ ಖಾಲಿ, ನಿನ್ನೆಯದು ನಿನ್ನದೇ. ಹದಿಮೂರು ದಿನ ಮಾಡಿದ್ದು ಮೈಯಲ್ಲಿ ಎಲ್ಲಿಗೆ ಹೋಗಿತ್ತು? ಹದಿನಾಲ್ಕನೆಯ ದಿನ ಒಂದು ಸೊನ್ನೆ ಬರೆದು, ಹದಿನೈದನೆಯ ದಿನ ಮತ್ತೆ ನಿಲ್ಲಬಹುದಾಗಿತ್ತಲ್ಲ. ಆ ಐದು ತಿಂಗಳು ನೆನೆದು ಸಿಟ್ಟು ಬಂತು.

ಹಳೆಯ ಒಂದು ನೋಟುಪುಸ್ತಕಕ್ಕೆ ಗೀಟು ಹಾಕಿದೆ. ಎಡಕ್ಕೆ ಜಮಾ, ಬಲಕ್ಕೆ ಖರ್ಚು. ಮೈ ದಣಿದ ನಿಮಿಷಗಳು ಜಮಾ. ಮೊದಲ ವಾರ ಖರ್ಚಿನ ಕಡೆ ತಿಂದ ಜಿಲೇಬಿ ಬರೆದೆ, ಆಮೇಲೆ ನಾಚಿಕೆಯಾಗಿ ಆ ಕಡೆ ಬರೆಯುವುದನ್ನು ಬಿಟ್ಟೆ. ಅದು ಲೆಕ್ಕವಲ್ಲ, ಚಾಡಿ. ಅಪ್ಪ ಅಂಗಡಿಯಿಂದ ಬಂದು ಕಾಲು ತೊಳೆದು, ಡಾಕ್ಟರು ಹೇಳಿದಂತೆ ಪಾದದ ಅಡಿಯನ್ನು ಕನ್ನಡಿಯಲ್ಲಿ ನೋಡಿಕೊಂಡು, ಊಟಕ್ಕೆ ಕೂಡುವ ಮೊದಲು ಕೇಳುತ್ತಾರೆ: "ಇವತ್ತಿನ ಜಮಾ ಎಷ್ಟು?" ನಾನು ಹೇಳುತ್ತೇನೆ. "ಹದಿನೆಂಟು." ಅಥವಾ "ಸೊನ್ನೆ." ಸೊನ್ನೆ ಎಂದರೆ ಬೈಯುವುದಿಲ್ಲ, ಇಪ್ಪತ್ತೈದು ಎಂದರೆ ಹೊಗಳುವುದಿಲ್ಲ. "ಬರದೀಯಿಲ್ಲೋ?" ಅಷ್ಟೇ. ಬೇರೆ ಯಾವ ಭಾಷಣಕ್ಕೂ ಬಾರದ ಬಲ ಈ ಎರಡು ಪ್ರಶ್ನೆಗೆ ಇದೆ. ಯಾಕೆಂದರೆ ಕೇಳುವವರ ಎಡಗಾಲಿಗೆ ನಾಲ್ಕೇ ಬೆರಳು.

ಪಾಠವನ್ನೂ ಮೊಟಕು ಮಾಡಿದೆ. ಮುಕ್ಕಾಲು ಗಂಟೆಯ ವಿಡಿಯೋದಲ್ಲಿ ಮೈ ಬಿಸಿ ಮಾಡುವ ಮೊದಲ ಭಾಗವನ್ನು ಪೂರ್ತಿ ಮಾಡುತ್ತೇನೆ, ಮುಂದಿನ ಮೂರು ಸುತ್ತಿನಲ್ಲಿ ಒಂದನ್ನು ಮಾಡುತ್ತೇನೆ, ಕೊನೆಗೆ ಮೈ ಸಡಿಲಿಸುವುದನ್ನು ಬಿಡುವುದಿಲ್ಲ. ಗುರು ಜಿಗಿಯುವಲ್ಲಿ ನಾನು ಒಂದು ಹೆಜ್ಜೆ ಹಿಂದೆ ಇಡುತ್ತೇನೆ, ಅವನು ನೆಲಕ್ಕೆ ಕೈಕೊಟ್ಟು ದಂಡ ಹೊಡೆಯುವಲ್ಲಿ ನಾನು ಹೊಲಿಗೆ ಯಂತ್ರದ ಮೇಜಿಗೆ ಕೈಕೊಟ್ಟು ಹೊಡೆಯುತ್ತೇನೆ. ಅಯ್ಯಂಗಾರರ ಇಟ್ಟಿಗೆ ನೆನೆದುಕೊಂಡು, ತಪ್ಪೆನಿಸದೆ. ಧ್ವನಿ ಬಂದ್ ಮಾಡಿದ್ದೇನೆ. ಆ ಶಹಬ್ಬಾಸುಗಳಿಲ್ಲದೆ ಮನುಷ್ಯ ಎಷ್ಟೋ ಒಳ್ಳೆಯವನಾಗಿ ಕಾಣುತ್ತಾನೆ.

ಆಜಿಯ ವಿಷಯ. ಅವರು ದಿನಾ ಸಂಜೆ ಆರೂವರೆಗೆ ಗುಡಿಗೆ ಹೋಗಿ ಏಳೂಕಾಲಿಗೆ ಬರುತ್ತಾರೆ. ಅದೇ ನನ್ನ ಹೊತ್ತು. ಮೊದಲೇ ಹೋಗಿ ಮಾತಾಡಿದ್ದರೆ ಒಂದು ವರ್ಷದ ಹಿಂದೆಯೇ ಬಗೆಹರಿಯುತ್ತಿತ್ತು; ಹೋಗದಿದ್ದದ್ದು ನಮ್ಮ ಸಂಕೋಚ. ಅಪ್ಪನ ಬೆರಳಿನ ಸುದ್ದಿ ಹೇಳಿದಾಗ ಆಜಿ ಬಹಳ ಹೊತ್ತು ಸುಮ್ಮನಿದ್ದರು. ಅವರ ಯಜಮಾನರದೂ ಸಕ್ಕರೆಯಿಂದಲೇ ಹೋದ ಜೀವವಂತೆ. ಈಗ ಮಳೆ ಬಂದು ಗುಡಿಗೆ ಹೋಗದ ದಿನ, ಮೇಲೆ ಹೆಜ್ಜೆ ಸದ್ದು ಕೇಳದಿದ್ದರೆ, ಅದೇ ಕೋಲಿನಿಂದ ಸೂರಿಗೆ ಎರಡು ಸಲ ಕುಟ್ಟುತ್ತಾರೆ. "ಆಜ ಉಡ್ಯಾ ನಾಹೀತ ಕಾ?"

ಒಂದು ಅಂಕಿ ಹೇಳುತ್ತೇನೆ. 21 ದಿನ ಮಾಡಿದರೆ ಯಾವುದೂ ಅಭ್ಯಾಸವಾಗುತ್ತದೆ ಎಂದು ನಾವೆಲ್ಲ ಕೇಳಿದ್ದೇವೆ. ಅದರ ಬೇರು 1960ರಲ್ಲಿ ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಎಂಬ ಅಮೆರಿಕದ ಪ್ಲಾಸ್ಟಿಕ್ ಸರ್ಜನ್ ಬರೆದ ಪುಸ್ತಕ. ಶಸ್ತ್ರಚಿಕಿತ್ಸೆಯಾದವರಿಗೆ ತಮ್ಮ ಹೊಸ ಮುಖ ರೂಢಿಯಾಗಲು ಕಡಿಮೆಯೆಂದರೂ ಅಷ್ಟು ದಿನ ಬೇಕು ಎಂದು ಅವರು ಕಂಡಿದ್ದರು. ಮೂಗಿನ ಮಾತು, ಬಸ್ಕಿಯದಲ್ಲ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು ಹನ್ನೆರಡು ವಾರ ಹಿಂಬಾಲಿಸಿ, ಒಂದು ಕೆಲಸ ತಾನಾಗಿಯೇ ಆಗುವಂತಾಗಲು ಸುಮಾರು 66 ದಿನ ಬೇಕೆಂದು 2009ರಲ್ಲಿ ಪ್ರಕಟಿಸಿದರು. ಅದೂ ನಡುವಿನ ಲೆಕ್ಕ. ಒಬ್ಬರಿಗೆ 18 ದಿನವಾದರೆ ಇನ್ನೊಬ್ಬರಿಗೆ 254. ನೀರು ಕುಡಿಯುವಂಥದು ಬೇಗ, ವ್ಯಾಯಾಮ ತಡ. ನಡುವೆ ಒಂದು ದಿನ ತಪ್ಪಿದರೆ ಹೇಳಿಕೊಳ್ಳುವಂಥ ನಷ್ಟವಿಲ್ಲ ಎಂದೂ ಕಂಡರು. ಇಂಡಿಯ ಗುಮಾಸ್ತರೊಬ್ಬರು ಲಂಡನ್ನಿಗೆ ಹೋಗದೆ ಹೇಳಿದ್ದೂ ಅದನ್ನೇ. ಮತ್ತೆ ನೋಡಿ, ನನ್ನ ಪಾಠ ಅರವತ್ತು ದಿನದ್ದು. ಬಹಳ ಜನಕ್ಕೆ ಅಭ್ಯಾಸ ಬೇರು ಬಿಡುವ ಹೊತ್ತಿಗೆ ಪಾಠವೇ ಮುಗಿದಿರುತ್ತದೆ! ಅರವತ್ತೊಂದನೆಯ ದಿನ ಏನು ಮಾಡಬೇಕೆಂದು ಗುರು ಹೇಳುವುದಿಲ್ಲ. ಮುಂದಿನ ಪಾಠಕ್ಕೆ ಚಂದಾ ಕಟ್ಟಬೇಕು ಅಷ್ಟೆ.

ಇದಕ್ಕೆ ಎರಡು ಆಕ್ಷೇಪ ಬರಬಹುದು. ಕಠಿಣವಾದದ್ದನ್ನು ಮೂರರಲ್ಲಿ ಒಂದು ಪಾಲು ಮಾಡಿ "ಬಿಟ್ಟಿಲ್ಲ" ಎನ್ನುವುದು ಮೋಸವಲ್ಲವೆ? ಅಲ್ಲ. ಕಠಿಣ ಎಂಬುದು ವಿಡಿಯೋದೊಳಗಿಲ್ಲ, ಮಾಡುವವರ ಎದೆಬಡಿತದಲ್ಲಿದೆ. ಶುರುವಿನಲ್ಲಿ ಹದಿನೆಂಟು ನಿಮಿಷ ಮಾಡಿದವಳು ಈಗ ವಾರಕ್ಕೆ ನಾಲ್ಕು ದಿನ ಮೂವತ್ತು ಮಾಡುತ್ತೇನೆ, ಇನ್ನೂ ದಣಿಯುತ್ತೇನೆ. ಪೂರ್ತಿ ಪಾಠವನ್ನು ಒಂದು ದಿನವೂ ಮುಗಿಸಿಲ್ಲ, ಮುಗಿಸುವ ಆಸೆಯೂ ಈಗಿಲ್ಲ.

ಎರಡನೆಯ ಆಕ್ಷೇಪ ಗಟ್ಟಿಯಾದದ್ದು, ಅದಕ್ಕೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಕೇಳುವವರು ಇಲ್ಲದಿದ್ದರೆ? ದೀಪಾವಳಿಗೆ ಅಪ್ಪ-ಅವ್ವ ಊರಿಗೆ ಹೋಗಿ ಹದಿನಾರು ದಿನ ಇದ್ದರು. ಆಜಿ ಮಗಳ ಮನೆಗೆ ಹೋಗಿದ್ದರು. ಆ ಹದಿನಾರು ದಿನದ ಹಾಳೆ ತೆಗೆದು ನೋಡಿದರೆ ಹನ್ನೊಂದು ಸೊನ್ನೆ. ಹಾಗಾದರೆ ನನ್ನದು ಅಭ್ಯಾಸವೋ, ಅಪ್ಪನ ಭಿಡೆಯೋ? ಗೊತ್ತಿಲ್ಲ. ಸೊನ್ನೆಗಳನ್ನು ಬರೆದಿದ್ದೆ ಎಂಬುದೊಂದೇ ಸಮಾಧಾನ. ಅವರು ಬಂದ ಸಂಜೆ ಹದಿನೈದು ನಿಮಿಷ ಜಮಾ ಆಯಿತು. ಒಬ್ಬರೇ ನಿಂತು ಮಾಡುವವರು ಇರುತ್ತಾರೆ, ಅವರಿಗೆ ನಮಸ್ಕಾರ. ನಾನು ಆ ಪೈಕಿ ಅಲ್ಲ, ನಮ್ಮ ಸಭೆಯಲ್ಲಿ ನಕ್ಕವರಲ್ಲಿಯೂ ಬಹಳ ಮಂದಿ ಆ ಪೈಕಿ ಇರಲಾರರು. ಕವಿತೆಯನ್ನಾದರೂ ನಾವು ತಾರೀಕು ಕೊಟ್ಟು, ಸಂಪಾದಕರು ಎರಡು ಸಲ ಕೇಳಿದ ಮೇಲೆ ತಾನೆ ಬರೆಯುವುದು?

ಹೋದ ತಿಂಗಳ ರಕ್ತ ತಪಾಸಣೆಯಲ್ಲಿ ನನ್ನದು 5.8 ಬಂದಿದೆ. ಹೊಸ್ತಿಲಿನ ಮೇಲೆಯೇ ಇದ್ದೇನೆ, ಆದರೆ ಮುಖ ಹೊರಗಡೆಗೆ. ಆರು ತಿಂಗಳಿಗೆ ಮತ್ತೆ ನೋಡೋಣ ಎಂದಿದ್ದಾರೆ. ಅಪ್ಪ ಕಾಗದವನ್ನು ಮಡಚಿ ಈ ಸಲವೂ ಜೇಬಿನಲ್ಲಿಟ್ಟುಕೊಂಡರು. ಅವ್ವ ಸಕ್ಕರೆ ಡಬ್ಬಿಯನ್ನು ಅಟ್ಟದಿಂದ ಇಳಿಸಿಲ್ಲ.

ನನ್ನ ಪುಸ್ತಕದಲ್ಲಿ ಇನ್ನೂ ನಲವತ್ತು ಹಾಳೆ ಉಳಿದಿವೆ. ಬಳಗದ ಹುಡುಗಿಯರಲ್ಲಿ ಯಾರಾದರೂ ತಮ್ಮ ನಿಮಿಷ ಬರೆಸುವುದಿದ್ದರೆ ಶನಿವಾರದ ಸಭೆಗೆ ಕಾಲು ಗಂಟೆ ಮೊದಲು ಬನ್ನಿ, ಹಿಂದಿನ ಬೆಂಚಿನಲ್ಲಿ ಇರುತ್ತೇನೆ. ಹುಡುಗರೂ ಬರಬಹುದು. ಸಂಕಲ್ಪಬಲದ ಗೆಳೆಯರಿಗೆ ಮೊದಲ ಹಾಳೆ ಕಾದಿರಿಸಿದ್ದೇನೆ. ಸೊನ್ನೆ ಇದ್ದರೂ ಬರೆದುಕೊಳ್ಳುತ್ತೇನೆ.